ಗಡಿ ದಾಟಿದ ಕಾಯಿ

ಸಂಕಪ್ಪ ಆಳ್ವ ವಕೀಲರು ಹೋದ ಮೇಲೆ
ಕಾಸರಗೋಡಿನ ಆಫೀಸು ಖಾಲಿ ಮಾಡಿದೆ.
ಇಪ್ಪತ್ತೆಂಟು ವರ್ಷ ಅವರ ಗುಮಾಸ್ತ ನಾನು.
ಕಪಾಟಿನ ತುಂಬ ಗೆದ್ದಲು,
ಅದಕ್ಕೂ ರುಚಿಸದೆ ಉಳಿದದ್ದು ಒಂದೇ:
ರೋಮಿನ ಕಾನೂನಿನ ದಪ್ಪ ಪುಸ್ತಕ,
ಅಂಚಿಗೆ ಅವರ ಪೆನ್ಸಿಲು, ಕನ್ನಡದಲ್ಲಿ.

ಕಾನೂನು ಮೊದಲು ಪುರೋಹಿತರ ಬಾಯಲ್ಲಿತ್ತಂತೆ,
ಬೆಳಿಗ್ಗೆ ಒಂದು, ಬೈಗಿಗೆ ಇನ್ನೊಂದು.
ಬಡವರು ಬೈಯಲಿಲ್ಲ, ಹೊಡೆಯಲಿಲ್ಲ,
ಎದ್ದು ಹೋಗಿ ಗುಡ್ಡದ ಮೇಲೆ ಕೂತರು.
ಊರಲ್ಲಿ ರೊಟ್ಟಿ ಬೇಯಲಿಲ್ಲ,
ದಂಡಿಗೆ ಕಾಲಾಳು ಸಿಗಲಿಲ್ಲ.
ಮೊದಲು ತಮ್ಮ ಪರ ಮಾತಾಡಲು ಜನ ಕೇಳಿದರು,
ವರ್ಷಗಳಾದ ಮೇಲೆ
ಬರೆದು ತೂಗಹಾಕಿ, ಎಂದರು.
ಹನ್ನೆರಡು ಹಲಗೆ, ಕಂಚಿನವು,
ನಾಲ್ಕು ದಾರಿಯ ಜನ ಸೇರುವಲ್ಲಿ.

ಏಳನೆಯದನ್ನು ಓದುವಾಗ ನಗು ಬಂತು:
ನಿನ್ನ ಮರದ ಕಾಯಿ ನೆರೆಯವನ ಹಿತ್ತಿಲಿಗೆ ಬಿದ್ದರೆ
ಹೋಗಿ ಹೆಕ್ಕಿಕೊಳ್ಳಬಹುದು.
ಅಷ್ಟೆ. ಒಂದೂವರೆ ಸಾಲು.
ಪಕ್ಕದಲ್ಲಿ ಪೆನ್ಸಿಲು: "ಬೀಪಾತುಮ್ಮನಿಗೆ ಹೇಳಬೇಕು."

ಮೊಗ್ರಾಲಿನ ಬೀಪಾತುಮ್ಮ ವಾದಿ,
ದೂಮಣ್ಣ ರೈ ಪ್ರತಿವಾದಿ,
ನಡುವೆ ಕೆಂಪುಕಲ್ಲಿನ ಗೋಡೆ
ಮತ್ತು ಬಾಗಿದ ಒಂದು ತೆಂಗು,
ಬುಡ ಇವಳದು, ತಲೆ ಅವರ ಅಂಗಳದ ಮೇಲೆ.
ಹತ್ತೊಂಬತ್ತು ವರ್ಷ ಕೇಸು ನಡೆಯಿತು.
ಕಾಯಿ ಬೀಳುತ್ತಲೇ ಇತ್ತು,
ಯಾರೂ ಮುಟ್ಟದೆ ಗೋಡೆಯ ಬುಡದಲ್ಲಿ
ಕೆಲವು ಮೊಳೆತವು.

ನಾಲ್ಕನೆಯ ಹಲಗೆ: ಅಪ್ಪ ಮಗನನ್ನು ಮಾರಬಹುದು,
ಮೂರು ಸಲ ಮಾರಿದ ಮೇಲೆ ಮಗ ಸ್ವತಂತ್ರ.
ಇದನ್ನು ರೈಗಳಿಗೆ ಓದಿ ಹೇಳಿದ್ದೆ.
"ಅಳಿಯಸಂತಾನದ ಮನೆ ನಮ್ಮದು ಮಾರಾಯ,
ಅಪ್ಪ ಅಂದರೆ ನೆಂಟ,
ಬೈಗಿಗೆ ಬರುವವ, ಬೆಳಕು ಹರಿದರೆ ಹೋಗುವವ.
ಮಾರುವುದಿದ್ದರೆ ಮಾವನೇ ಮಾರಬೇಕು."
ನಕ್ಕರು, ಅರ್ಧ ಮುಖದಲ್ಲಿ.
ಇನ್ನರ್ಧ ಆಗಲೇ ಪಾರ್ಶ್ವವಾಯುವಿನದು.

ಮೊದಲ ಹಲಗೆಯಲ್ಲಿ ಹೀಗುಂಟು:
ಕಟ್ಟೆಗೆ ಕರೆದರೆ ಹೋಗಲೇಬೇಕು.
ಮುದುಕನೋ ರೋಗಿಯೋ ಆದರೆ
ಕರೆದವನು ಏರಲಿಕ್ಕೆ ಒಂದು ಪ್ರಾಣಿ ಕೊಡಲಿ,
ಮೆತ್ತೆ ಹಾಸಿದ ಗಾಡಿಯೇ ಆಗಬೇಕೆಂದಿಲ್ಲ.

ವಿಚಾರಣೆಯ ದಿನ ಕೋರ್ಟಿನ ಗೇಟಿನಲ್ಲಿ
ಒಂದು ರಿಕ್ಷಾ ನಿಂತಿತು.
ಒಳಗೆ ದೂಮಣ್ಣ ರೈ, ಬೆನ್ನಿಗೆ ದಿಂಬು.
ಪಕ್ಕದಲ್ಲಿ ಅವರ ತೋಳು ಹಿಡಿದು ಬೀಪಾತುಮ್ಮ.
ಬಾಡಿಗೆ ಅವಳೇ ಕೊಟ್ಟಳು,
ಮೆಟ್ಟಿಲು ಹತ್ತಿಸಿ, ಎದುರು ಬದಿಗೆ ಹೋಗಿ ನಿಂತಳು.
ದಿಂಬಿನ ಮೇಲೆ ಅವಳ ಮೊಮ್ಮಗಳು ಹೊಲಿದ ಗಿಳಿ.

ಆಮೇಲೆ ಬಂದ ನೋಟೀಸು ಮಲಯಾಳದಲ್ಲಿತ್ತು.
ರೈಗಳಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬಾರದು,
ಅವಳಿಗೆ ಯಾವ ಅಕ್ಷರವೂ ಬಾರದು.
ಇಬ್ಬರೂ ಗೋಡೆಯ ಆಚೆ ಈಚೆ ನಿಂತು
ನನಗೆ ಫೋನು ಹಚ್ಚಿದರು: ಓದಿ ಹೇಳು.
ರೋಮಿನಲ್ಲಿ ಹುಚ್ಚು ದೊರೆಯೊಬ್ಬನಿದ್ದನಂತೆ,
ಹೊಸ ತೆರಿಗೆಯ ಕಟ್ಟಳೆಯನ್ನು
ಸಣ್ಣ ಅಕ್ಷರದಲ್ಲಿ ಬರೆಸಿ
ಕತ್ತು ನಿಲುಕದ ಎತ್ತರಕ್ಕೆ ಹಚ್ಚಿಸಿದನಂತೆ.
ನಾವು ಹಾಗೆ ಮಾಡಿಲ್ಲ.
ನಮ್ಮ ನೋಟೀಸು ಬೋರ್ಡು ಎದೆಯ ಎತ್ತರಕ್ಕೇ ಉಂಟು.

ಹೆದ್ದಾರಿ ಆರು ಪಥವಾಯಿತು.
ಗೋಡೆ ಹೋಯಿತು, ತೆಂಗು ಹೋಯಿತು,
ರೈಗಳು ಆ ಮಳೆಗಾಲದಲ್ಲೇ ಹೋದರು.
ಈಗ ಪರಿಹಾರದ ದುಡ್ಡು ಯಾರಿಗೆಂದು ಕೇಸು.
ಕಂಚಿನ ಹಲಗೆಗಳೂ ಇಲ್ಲವಂತೆ,
ಹಗೆಗಳು ಊರಿಗೆ ಬೆಂಕಿಯಿಟ್ಟಾಗ ಹೋದವು ಎನ್ನುತ್ತಾರೆ.
ಮಕ್ಕಳು ಬಾಯಿಪಾಠ ಮಾಡಿದ ಸಾಲುಗಳು
ಒಬ್ಬರಿಂದೊಬ್ಬರಿಗೆ ದಾಟಿ ಅಷ್ಟಿಷ್ಟು ಉಳಿದವು:
ಬಾಯಿಂದ ತಪ್ಪಿಸಲೆಂದು ಬರೆಸಿದ್ದು
ಕೊನೆಗೆ ಬಾಯಲ್ಲೇ.

ಮೊನ್ನೆ ಬೀಪಾತುಮ್ಮ ಬಂದಿದ್ದಳು.
"ಮರ ಕಡಿದರೆ ಎಂತ ಅಂತ ಬರೆದಿದ್ದಾರಾ ಅವರು?"
ಹುಡುಕಿದೆ. ಉಂಟು:
ಇನ್ನೊಬ್ಬರ ಮರ ಕಡಿದವನು
ಮರವೊಂದಕ್ಕೆ ಇಪ್ಪತ್ತೈದು ಕಾಸು ತೆರಬೇಕು.
"ಸರಕಾರವೇ ಕಡಿದರೆ?"
ಪುಟ ಮಗುಚಿದೆ.
ಅವಳು ಕುರ್ಚಿಯ ತುದಿಯಲ್ಲಿ ಕೂತು ಕಾಯುತ್ತಿದ್ದಳು,
ಮಡಿಲ ಚೀಲದಲ್ಲಿ, ಮಣ್ಣು ಸಮೇತ,
ಗೋಡೆಯ ಬುಡದಿಂದ ಕಿತ್ತು ತಂದ ಸಸಿ.