ಫರಸಿ ಲೆಕ್ಕ

ನಮ್ಮೂರಾಗ ನೆಲ ಅಗದರ
ನೀರಿಗಿಂತ ಮೊದಲ ಫರಸಿ ಹತ್ತತದ.
ಪದರ ಪದರ,
ಲಾಡ್ಲೆಸಾಬನ ಹಳೇ ಖಾತೆವಹಿ ಇದ್ದಂಗ.

ಅವನಜ್ಜಗ ಹಾಲಿ ರೊಕ್ಕದಾಗ ಪಗಾರ.
ರೈಲು ಕಲ್ಲು ಒಯ್ತು,
ಹೊಳ್ಳಿ ಬರೂಮುಂದ ಇದ್ದಲಿ ತಂತು,
ತೆಲುಗು ಮಾತಾಡೋ ಒಡ್ಡರನ್ನ ತಂತು,
ಕಿರಾಣಿ ಝುಂಬರಲಾಲನ್ನ, ಅವನ ತಕ್ಕಡಿ ಸಮೇತ.

ಆಮ್ಯಾಲ ಸಿಮೆಂಟ್ ಫ್ಯಾಕ್ಟರಿ.
ಏಳಕ್ಕ ಭೋಂಗಾ ಊದಿದರ
ಕೂಸು ಏಳ್ತಿತ್ತು, ಹಾಲು ಉಕ್ಕತಿತ್ತು,
ಮಸೂತಿ ಗಡಿಯಾರ ಸುದ್ದಾ ಮುಳ್ಳು ತಿದ್ದಿಕೊಳ್ತಿತ್ತು.
ಹಸಿರೆಲಿ ಅನ್ನೂದು ನಾವು ಕಂಡಿದ್ದಿಲ್ಲ,
ಬೇವಿನ ಮ್ಯಾಲೂ ಬೂದಿ.

ಒಂದಿನ ಊದಲಿಲ್ಲ.
ಝುಂಬರಲಾಲ ಉದ್ರಿ ಪಟ್ಟಿ ಹಿಡಕೊಂಡು
ಗೇಟಿನ ಕಡೆ ನೋಡಿಕೋತ ನಿಂತ.
ಹೋಟೆಲಿನಾಗ ಚಾದ ಕಪ್ಪು ಸಣ್ಣಾದವು.
ಮಳಿ ಬಂತು. ಬೇವು ಹಸಿರಾತು;
ನಮಗ ಅದು ಚಂದ ಅನಸಲಿಲ್ಲ.

ಈಗ ಗುಜರಾತದ ಟೈಲ್ಸ್ ಇಳೀತಾವ,
ನಮ್ಮ ಸ್ಟೇಶನ್ನಿಗೇ.
ಆದರೂ ಲಾಡ್ಲೆಸಾಬ ಬ್ರಾಸಿನ ಲೆಕ್ಕದಾಗ ಕಲ್ಲು ಮಾರತಾನ.
ಕಲ್ಲು ನಮ್ಮದು, ಹೆಸರು ಶಹಾಬಾದದ್ದು;
ಆ ಮಾತಿಗಿ ಯಾರೂ ಸಿಟ್ಟಾಗೂದಿಲ್ಲ.
ಗಿರಾಕಿ ಬಂದರ ಒಂದು ಚರಗಿ ನೀರು ಸುರೀತಾನ,
ಬೂದ ಕಲ್ಲಿನಾಗ ನೀಲಿ ಏಳ್ತದ.

‘ಲಗೂ ರೇಟ್ ಮುಗಸ್ರಿ,
ಒಣಗಲತ್ತದ.’