ಎಡಸಾಲಿನ ನಾಲ್ಕನೆಯದು

ಮಲ್ಪೆಯ ಐಸ್ ಪ್ಲಾಂಟಿನ ಹಿಂದೆ ನನ್ನ ಕ್ಲಿನಿಕ್ಕು.
ಒಣಮೀನಿನ ಬುಟ್ಟಿಯಲ್ಲಿ ಕೂರಿಸಿ ತಂದಳು
ವಾರಿಜಾ ತಿಂಗಳಾಯ, ಬೊಳ್ಳಿಯನ್ನು.
"ಹಾಲು ಕಟ್ಟಿದ್ದು ಡಾಕ್ಟ್ರೆ. ಅರಸಿನ ಹಚ್ಚಿದೆ, ಕರಗಲಿಲ್ಲ.
ಮರಿಯೇ ಹಾಕದ್ದಕ್ಕೆ ಹಾಲು ಎಲ್ಲಿಂದ ಅಂತ
ತಂಗಿ ನಗಾಡ್ತಾಳೆ."

ಅಂಗಾತ ಮಲಗಿಸಿದೆ.
ಎದೆಯಿಂದ ತೊಡೆಸಂದಿನವರೆಗೆ ಐದು ಜೋಡಿ,
ಬಲೆಯ ಹಗ್ಗಕ್ಕೆ ಪೋಣಿಸಿದ ಬೆಂಡುಗಳ ಹಾಗೆ.
ಬೆರಳು ಒಂದೊಂದನ್ನೇ ವಿಚಾರಿಸುತ್ತ ಇಳಿಯಿತು:
ಮೆತ್ತಗೆ. ಮೆತ್ತಗೆ. ಇದೂ ಮೆತ್ತಗೆ.
ಬಲದ ಕೊನೆಯದು ಮಾತ್ರ ದೊಡ್ಡ ನಿಂಬೆ,
ನೆಲಕ್ಕೆ ಉಜ್ಜಿ ಉಜ್ಜಿ ಒಡೆದು, ನೊಣ ಕರೆಯುತ್ತ.
ಹಿಡಿದರೆ ಜಾರುತ್ತದೆ, ಬುಡವಿಲ್ಲದವರ ಹಾಗೆ.
ವಾರಿಜಾ ನೋಡಿದ್ದು ಅದನ್ನೇ,
ಬೀದಿ ನೋಡಿದ್ದೂ ಅದನ್ನೇ.

ಎಡಸಾಲಿನ ನಾಲ್ಕನೆಯದರ ಅಡಿಯಲ್ಲಿ
ಕಡಲೆಕಾಳಷ್ಟು ಏನೋ.
ಒತ್ತಿದೆ. ಅಲುಗಲಿಲ್ಲ.
ಮತ್ತೊಮ್ಮೆ ಒತ್ತಿದೆ. ಬೊಳ್ಳಿ ನನ್ನ ಮುಖ ನೋಡಿತು.

"ಎಷ್ಟು ವರ್ಷ?"
"ಹತ್ತು ಆಗಿರಬೇಕು. ದೊಡ್ಡ ಗಾಳಿ ಬಂದ ವರ್ಷದ್ದು."
ಹಳೆಯ ರಿಜಿಸ್ಟರು ಇಳಿಸಿದೆ, ಗೆದ್ದಲು ಬಿಟ್ಟಷ್ಟು ಪುಟ:
ಬಿಳಿ ಹೆಣ್ಣು, ಐಸ್ ಪ್ಲಾಂಟು.
ಬೆದೆ ತಡೆಯುವ ಇಂಜೆಕ್ಷನ್ನು.
ಇಪ್ಪತ್ತು ರೂಪಾಯಿ ಬಾಕಿ.
ಆರು ತಿಂಗಳು ಬಿಟ್ಟು ಮತ್ತೆ. ಮತ್ತೆ. ಒಟ್ಟು ಏಳು ಸಲ.
ಗಂಡುನಾಯಿಗಳ ಜಗಳಕ್ಕೆ ರಾತ್ರಿಪಾಳಿಯವರಿಗೆ ನಿದ್ದೆ ಇಲ್ಲ
ಎಂದಿದ್ದ ಮ್ಯಾನೇಜರು.
ಗರ್ಭಕೋಶ ತೆಗೆಯಲು ಒಂದು ಮಧ್ಯಾಹ್ನ ಬೇಕು,
ಸೂಜಿಗೆ ಒಂದು ನಿಮಿಷ ಸಾಕು.
ಅಕ್ಷರ ನನ್ನದೇ.
ಸೊನ್ನೆಯ ತಲೆ ಕೂಡಿಸದ ದುರಭ್ಯಾಸವೂ ನನ್ನದೇ.

ಉಡುಪಿಯಲ್ಲಿ ಎಕ್ಸ್‌ರೇ. ಎದೆ ಶುಭ್ರ,
ಬೆಳಕಿಗೆ ಹಿಡಿದರೆ ಪಕ್ಕೆಲುಬುಗಳ ನಡುವೆ ಬರೀ ಗಾಳಿ.
ಸೋಮವಾರ ಎಡಸಾಲು ಪೂರ್ತಿ, ಬಲದಲ್ಲಿ ಅರ್ಧ ತೆಗೆದೆ.
ನಿಂಬೆಯನ್ನು ಟ್ರೇಯಲ್ಲಿ ಸೀಳಿದಾಗ
ಕತ್ತಿ ಕರಕರ ಎಂದು ನಿಂತಿತು.
ಒಳಗೆ ಮೃದ್ವಸ್ಥಿ. ನಡುವೆ ಎಲುಬು, ನಿಜವಾದ ಎಲುಬು.
ಹಾಲು ಮಾಡಬೇಕಾದ ಜಾಗ ಕೆಲಸ ಮರೆತು
ಅಸ್ಥಿಪಂಜರವೊಂದನ್ನು ಕಟ್ಟಲು ಕೂತಿತ್ತು.

ಹಾರ್ಲಿಕ್ಸ್ ಬಾಟಲಿ, ಫಾರ್ಮಲಿನ್,
ಅಂಚಿಗೆ ಹಚ್ಚಿದ ಕಪ್ಪು ಶಾಯಿ,
ಮಂಗಳೂರು ಬಸ್ಸಿನ ಕಂಡಕ್ಟರನ ಕೈಗೆ.
"ಎಂತ ಡಾಕ್ಟ್ರೆ, ಉಪ್ಪಿನಕಾಯಿಯಾ?"
ಎಡ ಡಬ್ಬಿಗೆ ಒಂದು ಗೆರೆ, ಬಲದ್ದಕ್ಕೆ ಎರಡು ಗೆರೆ ಎಳೆದಿದ್ದೆ.

ಒಂಬತ್ತನೆಯ ದಿನ ಫೋನು.
ಲ್ಯಾಬಿನ ಡಾಕ್ಟರ್ ಪ್ರೆಸಿಲ್ಲಾ, ಚಹಾ ಹೀರುತ್ತಲೇ:
"ದೊಡ್ಡದು ನಿರಪಾಯ, ಮಿಶ್ರ ಗಡ್ಡೆ, ಬಿಟ್ಟುಬಿಡಿ.
ಸಣ್ಣದನ್ನು ನೀವು ಬೇರೆ ಕಟ್ಟಿ ಕಳಿಸಿದ್ದು ಒಳ್ಳೆಯದಾಯ್ತು.
ಗೋಡೆ ಒಡೆದಿದೆ. ಗುಲಾಬಿ ಬಣ್ಣದ ನಡುವೆ
ನೇರಳೆ ಜೀವಕೋಶ, ಒಂದರಂತೆ ಒಂದಿಲ್ಲ.
ದುಗ್ಧನಾಳದೊಳಗೂ ನಾಲ್ಕೈದು ಕೂತಿವೆ,
ಹೊರಟ ದೋಣಿ ಹತ್ತಿದವರ ಹಾಗೆ."
ನಾನು ರಿಜಿಸ್ಟರಿನ ಬಗ್ಗೆ ಹೇಳಲಿಲ್ಲ.
ಅವರು ಕೇಳಲೂ ಇಲ್ಲ.

ಹೊಲಿಗೆ ಬಿಚ್ಚುವ ದಿನ ಬೊಳ್ಳಿ ಬಂದದ್ದು
ವಾರಿಜಾಳ ಹಳೆ ನೈಟಿಯ ತೋಳಿನಲ್ಲಿ,
ನಾಲ್ಕು ಕಾಲಿಗೆ ನಾಲ್ಕು ತೂತು, ಹೂವಿನ ಚಿತ್ತಾರ.
ಹೇಳಿದೆ: ಆರು ತಿಂಗಳಿರಬಹುದು, ಎರಡು ವರ್ಷವೂ ಇರಬಹುದು.
ಮೂರು ತಿಂಗಳಿಗೊಮ್ಮೆ ಎದೆಯ ಫೋಟೋ ತೆಗೆಯುವ.
"ಬೂತಾಯಿ ಕೊಡ್ಬಹುದಾ?"
"ಮುಳ್ಳು ತೆಗೆದು."

ಆಮೇಲೆ ಸೂಜಿಯ ಮಾತು ಗಂಟಲವರೆಗೆ ಬಂದು
"ವಾರಿಜಕ್ಕ, ಆಗ ನಾನು" ಎನ್ನುವಷ್ಟರಲ್ಲಿ
ಅವಳು ಸೆರಗಿನ ಗಂಟು ಬಿಚ್ಚಿ
ನೋಟು ಎಣಿಸಿ, ಮೇಲೆ ಒಂದು ಇಪ್ಪತ್ತು ಇಟ್ಟಳು.
"ಇದು ಪ್ಲಾಂಟಿನವರ ಬಾಕಿ. ಅವರು ಕೊಡ್ಲಿಲ್ಲ ಅಲ್ವಾ?
ಆಗ ಇದರ ಬಾಯಿ ಹಿಡಿದದ್ದು ನಾನೇ, ಡಾಕ್ಟ್ರೆ.
ನೀವು ಒಬ್ಬರೇ ಅಲ್ಲ."

ನೋಟಿಗೆ ಮೀನಿನ ವಾಸನೆ.
ಬೊಳ್ಳಿ ಅದನ್ನು ಮೂಸಿತು, ನನ್ನ ಕೈಯನ್ನೂ ಮೂಸಿತು,
ಯಾವುದೂ ನೆನಪಿಲ್ಲದ ಹಾಗೆ ಬಾಲ ಆಡಿಸಿ
ಬಾಗಿಲಿಗೆ ನಡೆಯಿತು, ನೈಟಿ ಎಳೆದುಕೊಳ್ಳುತ್ತ.