ಊದಿ

ಕೊಳವೆಯ ತುದಿಗೆ ಹೊಸ ರಟ್ಟಿನ ಬಾಯಿ ಸಿಕ್ಕಿಸಿ
ಮೂಗಿಗೆ ಕ್ಲಿಪ್ಪು ಹಾಕಿ
ದಿನಕ್ಕೆ ನಲವತ್ತು ಸಲ ನಾನು ಹೇಳುವ ಮಾತು ಒಂದೇ:
ಎಳೆದುಕೊಳ್ಳಿ, ಪೂರ್ತಿ ಎಳೆದುಕೊಳ್ಳಿ, ಈಗ ಊದಿ,
ಊದಿ ಊದಿ ಊದಿ, ಬಿಡಬೇಡಿ, ಊದಿ.

ಅಕ್ಕಯಮ್ಮ ನಕ್ಕರು. ಕ್ಲಿಪ್ಪು ಜಾರಿ ಬಿತ್ತು.
"ಊದೋದು ನಂಗೇನು ಹೊಸದೇನಪ್ಪ?
ನಿನ್ನ ಬಿಳಿ ಕೋಟಿನ ತೋಳಲ್ಲಿ ಗೆರೆ ಇದೆಯಲ್ಲ,
ಅದೂ ನಾನು ಊದಿದ್ದೇ."

ನಿಜ. ಲಗ್ಗೆರೆಯ ನಮ್ಮ ಅಡ್ಡರಸ್ತೆ, ಹೊಂಗೆಮರದ ಬುಡ,
ಒಂದು ಚಕ್ರ ಹೋಗಿ ಕಲ್ಲು ಒತ್ತುಕೊಟ್ಟ ಗಾಡಿ.
ಕಂಬಳಿಯ ಮೇಲೆ ಹಳೇ ಪಂಚೆ, ಚಿಮುಕಿಸಲು ತಂಬಿಗೆ ನೀರು,
ಎತ್ತಿದರೆ ಭುಜ ಇಳಿಯುವ ಹಿತ್ತಾಳೆ ಪೆಟ್ಟಿಗೆ.
ಮುಚ್ಚಳದ ಕೊಂಡಿಗೆ ಪುಟ್ಟದೊಂದು ಹುಂಜ.
ಅದು ಕೂಗುವುದಿಲ್ಲ. ಕೂಗುವ ಹುಂಜಗಳು ಏಳುವ ಮೊದಲೇ
ಚಿಪ್ಪಿನ ಇದ್ದಿಲು ತುಂಬಿ, ಎಣ್ಣೆಬಟ್ಟೆ ಸಿಕ್ಕಿಸಿ, ಕಡ್ಡಿ ಗೀರಿ
ಅವರು ತಗ್ಗುತ್ತಾರೆ.
ಮೊದಲು ಹೊಗೆ. ಆಮೇಲೆ ಕೆಮ್ಮು. ಆಮೇಲೆ ಕೆಂಪು.

ಬೀಡಿ, ಸಿಗರೇಟು? ಇಲ್ಲ.
ದಿನಕ್ಕೆ ಎಷ್ಟು?
(ಇಲ್ಲವೆಂದ ಮೇಲೂ ಕೇಳಬೇಕು, ಕಂಪ್ಯೂಟರು ಮುಂದೆ ಬಿಡುವುದಿಲ್ಲ.)
"ಎಂಬತ್ತು" ಅಂದರು.
ಬೀಡಿಯಾ?
"ಶರ್ಟು. ಹಬ್ಬ ಬಂದ್ರೆ ನೂರು ದಾಟುತ್ತೆ."
ಎಷ್ಟು ವರ್ಷದಿಂದ?
"ನಮ್ಮ ಮುನಿಕೃಷ್ಣ ಹೊಟ್ಟೇಲಿದ್ದ."
ಮುನಿಕೃಷ್ಣನಿಗೆ ಈಗ ಮೂವತ್ತೊಂದು, ಅರ್ಧ ತಲೆ ಬೋಳು.
ಶರ್ಟನ್ನು ಬೀಡಿಗೆ ಇಳಿಸುವ ಲೆಕ್ಕ ನನಗೆ ಬರಲಿಲ್ಲ.
ಉದ್ಯೋಗದ ಸಾಲಿನಲ್ಲಿ ಕೌಂಟರಿನ ಹುಡುಗ
ಆಗಲೇ ಬರೆದಿದ್ದ: ಗೃಹಿಣಿ.

ಗಾಡಿಯ ಹಿಂದೆ ಎರಕದ ಶೆಡ್ಡು. ರಾತ್ರಿ ಕಲ್ಲಿದ್ದಲ ಕುಲುಮೆ,
ಹಗಲು ಅದರ ಮಸಿ
ಮಡಿಸಿಟ್ಟ ಬಿಳಿಯ ಮೇಲೆ ಎಳ್ಳಿನ ಹಾಗೆ ಬಂದು ಕೂರುತ್ತದೆ.
ಒರೆಸಿದರೆ ಹರಡುತ್ತೆ, ಕೊಡವಿದರೆ ಇಸ್ತ್ರಿ ಕೆಡುತ್ತೆ.
ಅದನ್ನೂ ಊದಬೇಕು, ಮೆಲ್ಲಗೆ,
ಕಣ್ಣಿಗೆ ಕಸ ಬಿದ್ದ ಕೂಸಿಗೆ ಊದಿದಷ್ಟು.

ಪರದೆಯ ಮೇಲೆ ಗೆರೆ ಏರಿತು.
ಏರಿ, ನೆಟ್ಟಗೆ ಇಳಿಯುವ ಬದಲು ಒಳಕ್ಕೆ ಕುಸಿದು
ಮೂರು ದಿನ ತೊಟ್ಟ ಕಾಲರಿನಂತೆ ಜೋತುಬಿತ್ತು.
ಇನ್ನೊಂದು ಸಲ. ಇನ್ನೊಂದು. ಮೂರೂ ಒಂದೇ ಥರ.
ಮೂರೂ ಒಂದೇ ಥರ ಬಂದರೆ
ಪರೀಕ್ಷೆ ಸರಿಯಾಗಿ ಆಯಿತೆಂದು ಅರ್ಥ.
"ಚೆನ್ನಾಗಿ ಊದಿದಿರಿ" ಅಂದೆ. ಸುಳ್ಳಲ್ಲ.

ಬೆಂಕಿ ಬಿಡಿ ಅಂದರು ಡಾಕ್ಟರು.
ಮುನಿಕೃಷ್ಣ ಕಂತಿನಲ್ಲಿ ಕರೆಂಟಿನ ಪೆಟ್ಟಿಗೆ ತಂದ.
ಎದುರುಮನೆಯವರು ಕಿಟಕಿಯಿಂದ ವೈರು ಕೊಟ್ಟರು,
ತಿಂಗಳಿಗೆ ಎಂಟುನೂರು ಕೇಳಿದರು.
"ಊದೋದು ಕೊಟ್ಟು ಬಾರಿಸೋದು ತಗೊಂಡಂಗಾಯ್ತು ನೋಡು,"
ಗಾದೆ ಹೇಳಿ ಅವರೇ ನಕ್ಕು, ನಗು ಕೆಮ್ಮಾಗಿ,
ಗಾಡಿಯ ಅಂಚು ಹಿಡಿದು ನಿಂತರು.
ಆಮೇಲೆ ಕೇಳಿದರು:
"ಈ ಕರೆಂಟು ಎಲ್ಲಿಂದ ಬರುತ್ತಪ್ಪ?"

ಎಷ್ಟೋ ಕಡೆಯಿಂದ, ಅಂದೆ. ನೀರಿಂದ, ಗಾಳಿಯಿಂದ.
ರಾಯಚೂರಿನ ಹತ್ತಿರ ಶಕ್ತಿನಗರ ಅಂತಿದೆ,
ಅಲ್ಲಿ ರೈಲುಗಟ್ಟಲೆ ಕಲ್ಲಿದ್ದಲು ತಂದು ಸುಡುತ್ತಾರೆ.

ಅವರು ತಣ್ಣಗಿನ ಹಿತ್ತಾಳೆ ಹುಂಜದ ಕೊಕ್ಕು ಸವರುತ್ತ
ತುಸು ಹೊತ್ತು ಸುಮ್ಮನಿದ್ದರು.
"ಅಲ್ಲಿ ಯಾರು ಊದ್ತಾರೆ?"

ವಾರಕ್ಕೊಮ್ಮೆ, ಯಂತ್ರ ಸರಿಯಿದೆಯೋ ನೋಡಲು
ಎಲ್ಲರೂ ಹೋದ ಮೇಲೆ ನಾನೇ ಊದಬೇಕು.
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ದಿನಾ ಎರಡು ಸಲ ಕಾಯುವವನು,
ಬೀಡಿ ಮುಟ್ಟದವನು, ಮೂವತ್ತೆಂಟು ವಯಸ್ಸು.
ಈ ಶನಿವಾರ ಊದಿದೆ.
ಹೋದ ವರ್ಷಕ್ಕಿಂತ ಕಡಿಮೆ ಬಂತು.
ಮತ್ತೆ ಊದಿದೆ. ಮತ್ತೆ.
ಮೂರೂ ಒಂದೇ ಥರ.

ರಿಜಿಸ್ಟರಿನಲ್ಲಿ ಬರೆದೆ:
ಯಂತ್ರ ತೋರಿಸಬೇಕು.